ಹೇಮಾ ಮೆಡಿಕಲ್‌ಗೆ ಸೇರುವ ವಿಚಾರ

ಅಂಜನಾಪುರ, ಬೆಂಗಳೂರು
೧೪ ನವೆಂಬರ್ ೨೦೨೪, ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಮಂಡಿ ನೋವು ಹೇಗಿದೆ? ಹೋದ ಸಲ ಎಣ್ಣೆ ಕಳಿಸಿದ್ದೆ. ಅದು ನಿನ್ನ ಮಂಡಿಗೆ ಸೇರಿತೋ ದಾರಿಯಲ್ಲಿ ಇನ್ನಾರ ಮಂಡಿಗೆ ಆಯಿತೋ ಗೊತ್ತಾಗಲಿಲ್ಲ. ಆ ಮರಳುಗಾಡಿನಲ್ಲಿ ಹಗಲು ಬೆಂಕಿ, ಸಂಜೆಯಾದರೆ ಚಳಿ ಅಂತ ನೀನೇ ಬರೆದಿದ್ದೆ. ಸ್ವೆಟರ್ ಹಾಕಿಕೊಳ್ಳದೆ ಕಾವಲಿಗೆ ನಿಂತು ಶೂರತನ ತೋರಿಸಬೇಡ, ಅಲ್ಲಿ ನೋಡುವವರು ಒಂಟೆಗಳು ಮಾತ್ರ. ಈ ಕಾಗದದ ಜೊತೆ ಒಂದು ಡಬ್ಬಿ ಬರುತ್ತದೆ. ಅದರಲ್ಲಿ ರಾಗಿ ಹುರಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ, ನಿಪ್ಪಟ್ಟು ಇವೆ. ಮೂರು ಹೊತ್ತೂ ಚಪಾತಿ ತಿಂದು ಬೇಸರವಾದಾಗ ಹುರಿಹಿಟ್ಟಿಗೆ ಬೆಲ್ಲ ಹಾಕಿ ಕಲಸಿಕೋ. ಡಬ್ಬಿಯ ತಳದಲ್ಲಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಪುಟ್ಟ ಗಂಟಿದೆ. ಅದನ್ನು ಈಗಲೇ ಬಿಚ್ಚಬೇಡ, ಈ ಕಾಗದ ಪೂರ್ತಿ ಓದಿದ ಮೇಲೆ ಬಿಚ್ಚು.

ಇಲ್ಲಿ ಎಲ್ಲರೂ ಕ್ಷೇಮ. ದೊಡ್ಡಮ್ಮನ ಸಕ್ಕರೆ ಕಾಯಿಲೆ ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ. ನಾನು ಚೆನ್ನಾಗಿದ್ದೇನೆ. ನಮ್ಮ ಪುಟ್ಟ ತಂಗಿ ಹೇಮಾ ಚೆನ್ನಾಗಿಲ್ಲ. ಧನುರ್ಮಾಸ ಹಿಡಿಯುವುದರೊಳಗೆ ಅವಳ ನಿಶ್ಚಿತಾರ್ಥ ಮಾಡಿ ಮುಗಿಸುತ್ತೇವೆ ಅಂತ ದೊಡ್ಡಪ್ಪ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾರೆ. ಅಪ್ಪ ಅಮ್ಮ ಇಲ್ಲದ ಹುಡುಗಿಗೆ ಒಡಹುಟ್ಟಿದ ಅಣ್ಣನ ಒಪ್ಪಿಗೆ ಬೇಕು, ಅದೂ ಸಿಕ್ಕಿದೆ ಅನ್ನುತ್ತಿದ್ದಾರೆ. ನೀನು ಏನಕ್ಕೆ ಒಪ್ಪಿದೆ ಅಂತ ನಿನಗೇ ಗೊತ್ತಿಲ್ಲ ಅಂತ ನನ್ನ ನಂಬಿಕೆ. ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಬಹುದಾಗಿತ್ತಲ್ಲ ಅನ್ನುತ್ತೀಯ. ನಿನ್ನ ಗಡಿಯ ಪೋಸ್ಟಿನಿಂದ ವಾರಕ್ಕೊಂದು ಫೋನು, ಅದೂ ದೊಡ್ಡಪ್ಪನ ನಂಬರಿಗೇ. ಅವರು ಸ್ಪೀಕರ್ ಹಾಕಿ ಟೀಪಾಯಿಯ ಮೇಲಿಟ್ಟು, ಪಕ್ಕದ ಮನೆಯವರಿಗೂ ಕೇಳುವ ಹಾಗೆ ಮಾತಾಡಿ, ಕೊನೆಗೆ 'ನೀನೂ ಮಾತಾಡಮ್ಮ' ಎಂದು ನನ್ನ ಕಡೆ ತಳ್ಳುತ್ತಾರೆ. ಅಷ್ಟು ಕಿವಿಗಳ ನಡುವೆ ನನ್ನ ಬಾಯಿಂದ ಬರುವುದು ಒಂದು 'ಹೂಂ'. ನೀನೂ ನಗುತ್ತೀಯ, 'ಚಂದ್ರಿ ಫೋನಲ್ಲಿ ಬರೀ ಹೂಂ ಇರುತ್ತೆ' ಅಂತ. ಬರೆಯುವಾಗ ನನಗೆ ಯಾರ ಭಯವೂ ಇಲ್ಲ. ಐದನೇ ಕ್ಲಾಸಿನವರೆಗೆ ಕಲಿತ ಅಕ್ಷರವೇ ಇಷ್ಟಕ್ಕೆ ಸಾಕು.

ಮೊದಲು ದೊಡ್ಡಪ್ಪನ ಡಾಕ್ಟರ್‌ಗಿರಿಯ ಕಥೆ ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದಿದ್ದರೆ ಮಿಕ್ಕದ್ದು ಅರ್ಥವಾಗುವುದಿಲ್ಲ. 'ನಂಗೆ ಡಾಕ್ಟರೇಟ್ ಬಂತು ಕಣೋ' ಅಂತ ಅವರು ಹೇಳಿದಾಗ ನೀನು 'ಸಂತೋಷ ದೊಡ್ಡಪ್ಪ' ಅಂದೆ. ನನಗೆ ಅದು ಜ್ವರ ಬಂತು ಅಂದ ಹಾಗೆ ಕೇಳಿಸಿತ್ತು. ಅದು ಬಂದದ್ದಲ್ಲ ಅಣ್ಣ, ಹೋಗಿ ತಂದದ್ದು. ಜಯನಗರದ ಒಂದು ಹೋಟೆಲಿನ ಮಹಡಿಯ ಹಾಲಿನಲ್ಲಿ ಸಮಾರಂಭ. ನಾಲಗೆ ಹೊರಳದ ಯಾವುದೋ ದೇಶದ ವಿಶ್ವವಿದ್ಯಾಲಯ, ಆದರೆ ಆ ದೇಶದವರು ಒಬ್ಬರೂ ಬಂದಿರಲಿಲ್ಲ. ಸಾಲಾಗಿ ಕೂತಿದ್ದವರೆಲ್ಲ ನಮ್ಮ ಕಡೆಯವರೇ. ಕಲ್ಯಾಣಮಂಟಪದ ಓನರು, ನೀರಿನ ಟ್ಯಾಂಕರಿನವರು, ಚೀಟಿ ನಡೆಸುವವರು. ಎಲ್ಲರಿಗೂ ಒಂದೇ ಅಳತೆಯ ಕಪ್ಪು ಗೌನು. ದೊಡ್ಡಪ್ಪನಿಗೆ ಹೊಟ್ಟೆಯ ಹತ್ತಿರ ಗುಂಡಿ ಸೇರದೆ ದೊಡ್ಡಮ್ಮ ತನ್ನ ಸೆರಗಿನ ಪಿನ್ನು ಬಿಚ್ಚಿ ಚುಚ್ಚಿದರು. ಟೋಪಿಯ ಕುಚ್ಚು ಬಾಯಿಗೆ ಬರುತ್ತಿತ್ತು, ಫೋಟೋ ತೆಗೆಯುವಾಗಲೆಲ್ಲ ಅದನ್ನು ಊದಿಕೊಂಡು ನಿಂತಿದ್ದರು. 'ಸಮಾಜಸೇವೆಗಾಗಿ' ಅಂತ ಮೈಕಿನಲ್ಲಿ ಹೇಳಿದರು. ಯಾವ ಸೇವೆ ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಗಣೇಶನ ಹಬ್ಬದಲ್ಲಿ ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಪಿ.ಜಿ. ಹುಡುಗರ ನೀರು ನಿಲ್ಲಿಸಿ ಪೆಂಡಾಲಿಗೆ ಬಿಡುತ್ತಾರಲ್ಲ, ಅದೇ ಇರಬೇಕು.

ಆ ವಾರವೇ ಗೇಟಿನ ಕಂಬಕ್ಕೆ ಕರಿ ಗ್ರಾನೈಟ್ ಕಲ್ಲು ಬಂತು. ಕಲ್ಲಿನ ಮೇಲೆ ಹಿತ್ತಾಳೆಯ ದಪ್ಪ ಅಕ್ಷರಗಳು: ಡಾ. ಬೈರಣ್ಣ. ಅದರ ನೆತ್ತಿಗೊಂದು ದೀಪ. ನಮ್ಮ ಅಮ್ಮನ ಫೋಟೋಗೆ ದೀಪ ಹಾಕಿಸಿ ಅಂತ ಹೇಮಾ ಎಷ್ಟು ಸಲ ಕೇಳಿದ್ದಳು, ವೈರ್ ಎಳೆಯೋಕೆ ಜಾಗ ಇಲ್ಲ ಅಂದಿದ್ದರು. ದೊಡ್ಡಮ್ಮ ಅಂದಿನಿಂದ ಗಂಡನನ್ನು 'ಇವ್ರು' ಅನ್ನುವುದನ್ನೇ ಬಿಟ್ಟರು. 'ಡಾಕ್ಟ್ರು ಸ್ನಾನಕ್ಕೆ ಹೋಗವ್ರೆ.' 'ಡಾಕ್ಟ್ರಿಗೆ ಅವರೇಕಾಳು ಬ್ಯಾಡ, ಗ್ಯಾಸ್ ಆಗ್ತದೆ.' ಹಾಲಿನವನಿಗೆ, ಹೂವಿನವಳಿಗೆ, ಕರೆಂಟ್ ಬಿಲ್ ಕೊಡುವವನಿಗೆ ಎಲ್ಲರಿಗೂ ಹೀಗೇ. ಹೂವಿನವಳು ಒಂದು ದಿನ ತನ್ನ ಕೆಮ್ಮಿಗೆ ಏನು ತಗೋಬೇಕು ಅಂತ ಕೇಳಿದಳು. ದೊಡ್ಡಪ್ಪ 'ಬಿಸಿನೀರು ಕುಡಿ' ಅಂದರು. ಅಲ್ಲಿಗೆ ಅವರು ಪ್ರಾಕ್ಟೀಸೂ ಶುರು ಮಾಡಿದರು ಅಂತ ನಾನು ತಿಳಿದುಕೊಂಡೆ.

ಇಂಥ ಮನೆಯಲ್ಲಿ ನಮ್ಮ ಹೇಮಾ ನಿಜವಾಗಿ ಓದಿ ಡಾಕ್ಟರಾಗುತ್ತೇನೆ ಅಂದಳು. ನಿನಗೆ ಗೊತ್ತಿರುವ ಹೇಮಾ ಖಾಲಿ ಗೋಡೆ ಕಂಡರೆ ಚಿತ್ರ ಬರೆಯುವವಳು. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡಾಗಲೂ ಕಪ್ಪೆ ಕುಯ್ಯಬೇಕಾಗುತ್ತದೆ ಅಂತ ಹೆದರಿ ಬಯಾಲಜಿ ಬಿಟ್ಟು ಕಂಪ್ಯೂಟರ್ ಆರಿಸಿಕೊಂಡಳು. ಆಮೇಲೆ ಅದೂ ಬೇಡ ಅಂತ ಚಿತ್ರಕಲೆಯ ಡಿಗ್ರಿಗೆ ಸೇರಿದಳು. ಕೊನೆಯ ವರ್ಷ ಬನ್ನೇರುಘಟ್ಟ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ಗೋಡೆಗೆ ಚಿತ್ರ ಬರೆಯಲು ಅವಳ ಕ್ಲಾಸಿನವರನ್ನು ಕರೆದಿದ್ದರು. ಅಲ್ಲಿ ಕೈಗೆ ಡ್ರಿಪ್ಸ್ ಹಾಕಿಸಿಕೊಂಡು ಮಲಗಿದ್ದ ಒಂದು ಪುಟ್ಟ ಹುಡುಗಿ, ಗೋಡೆಯ ಆನೆಗೂ ಡ್ರಿಪ್ಸ್ ಹಾಕಿ ಅಂತ ಹಟ ಹಿಡಿದಳಂತೆ. ಹೇಮಾ ಸೊಂಡಿಲಿಗೆ ಹಾಕಿದಳು. 'ಅಲ್ಲಿ ಹಾಕಿದ್ರೆ ಊಟ ಹೆಂಗ್ ಮಾಡುತ್ತೆ?' ಅಂತ ಆ ಮಗು ಅತ್ತಿತಂತೆ. ಆಗ ವಾರ್ಡಿನ ಡಾಕ್ಟರಮ್ಮ ಬಂದು, ಆನೆಗಾದರೆ ಕಿವಿಯ ಹಿಂದಿನ ನರ ಸಿಗುತ್ತದೆ, ಅಲ್ಲಿ ಹಾಕು ಅಂತ ತೋರಿಸಿಕೊಟ್ಟರಂತೆ. ನರ ಎಂದರೇನು, ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಇವಳು ಕೇಳುತ್ತಾ ಹೋದಳು. ಗೋಡೆ ಮುಗಿದ ಮೇಲೂ ಆಸ್ಪತ್ರೆಗೆ ಹೋಗುವುದು ನಿಲ್ಲಲಿಲ್ಲ. ಕಪ್ಪೆಗೆ ಹೆದರಿದವಳು ಈಗ ಮಗುವಿನ ತೊಡೆಗೆ ಸೂಜಿ ಚುಚ್ಚುವಾಗ ತಾಯಿಯ ಬದಲು ತಾನು ಹಿಡಿದುಕೊಳ್ಳುತ್ತಾಳೆ.

ದಾರಿ ಇದೆ ಅಣ್ಣ. ಬಿಟ್ಟಿದ್ದ ಬಯಾಲಜಿ ಒಂದನ್ನು ಓಪನ್ ಸ್ಕೂಲಿನ ಕಡೆಯಿಂದ ಕಟ್ಟಿ ಪಾಸು ಮಾಡಬೇಕು. ಆಮೇಲೆ ಎಲ್ಲರ ಹಾಗೆ ನೀಟ್ ಬರೆಯಬೇಕು. ಚಿತ್ರ ಬರೆಯುವ ಡಿಗ್ರಿ ಮಾಡಿದವರು ಬರಕೂಡದು, ವಯಸ್ಸಾದವರು ಬರಕೂಡದು ಅಂತೇನೂ ಈಗ ಇಲ್ಲವಂತೆ. ಅವಳೇ ಕಚೇರಿಗೆ ಹೋಗಿ ವಿಚಾರಿಸಿದಳು, ಗೋಡೆ ಬರೆದು ಬಂದದ್ದರಲ್ಲಿ ಫೀಸನ್ನೂ ಕಟ್ಟಿದಳು. ಕಷ್ಟ ಎಂದು ಅವಳಿಗೂ ಗೊತ್ತು. ಮೊದಲ ಸಲಕ್ಕೇ ಸೀಟು ಸಿಗುತ್ತದೆ ಅಂತ ಅವಳೂ ಅಂದುಕೊಂಡಿಲ್ಲ. ಬೆಳಗ್ಗೆ ಬೆಳಗ್ಗೆಯೇ ಟೆರೇಸಿನಲ್ಲಿ ನೀರಿನ ಟ್ಯಾಂಕುಗಳ ಮಧ್ಯೆ ಚಾಪೆ ಹಾಕಿಕೊಂಡು ಓದುತ್ತಿದ್ದಳು. ಅವಳು ಹೃದಯದ ಚಿತ್ರ ಬರೆದು ಭಾಗಗಳಿಗೆ ಹೆಸರು ಹಾಕುವುದು, ನಾನು ಪುಸ್ತಕ ಹಿಡಿದು ಒಂದೊಂದೇ ಇಂಗ್ಲಿಷ್ ಅಕ್ಷರ ಹೊಂದಿಸಿ ನೋಡುವುದು. ಅರ್ಥ ನನಗೆ ಗೊತ್ತಾಗುತ್ತಿರಲಿಲ್ಲ. ಅಕ್ಷರ ತಪ್ಪಿದರೆ 'ಊಹೂಂ' ಅನ್ನುತ್ತಿದ್ದೆ. ಚಿತ್ರ ಎಷ್ಟು ಚೆಂದ ಬರೆಯುತ್ತಿದ್ದಳು ಎಂದರೆ ನನಗೆ ಅದನ್ನು ಅಡುಗೆಮನೆಯಲ್ಲಿ ಅಂಟಿಸಿಕೊಳ್ಳಬೇಕು ಅನ್ನಿಸುತ್ತಿತ್ತು.

ದೊಡ್ಡಪ್ಪ ಮೊದಲು ನಕ್ಕರು. 'ನಮ್ಮನೇಲಿ ಆಗ್ಲೇ ಒಬ್ಬ ಡಾಕ್ಟರ್ ಇದಾನಲ್ಲಮ್ಮ, ಇನ್ನೊಬ್ಳು ಯಾಕೆ?' ಅಂದರು. ಬೇಕಿದ್ದರೆ ತಮಗೆ ಕೊಡಿಸಿದವರನ್ನೇ ಕೇಳಿ ಅವಳಿಗೂ ಒಂದು ಕೊಡಿಸುತ್ತಾರಂತೆ, ಚಿತ್ರಕಲೆಗೂ ಕೊಡುತ್ತಾರಂತೆ, ಹೆಂಗಸರಿಗೆ ರಿಯಾಯಿತಿಯೂ ಇದೆಯಂತೆ. ತಮಾಷೆಗೆ ಹೇಳಲಿಲ್ಲ ಅಣ್ಣ. ಅವಳು ಬೇಡ ಅಂದಾಗ ಅವರಿಗೆ ನಿಜವಾಗಿಯೂ ಬೇಜಾರಾಯಿತು. ಆಮೇಲೆ ಓದಿದವನ ಬಾಯಿಂದಲೇ ಆಗುವುದಿಲ್ಲ ಅನ್ನಿಸಿಬಿಡೋಣ ಅಂತ ನಮ್ಮಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಪದ್ಮನಾಭನಗರದ ಒಂದು ಟ್ಯೂಷನ್ ಸೆಂಟರಿಗೆ ಕರೆದುಕೊಂಡು ಹೋದರು. ಅಲ್ಲಿ ಮಕ್ಕಳಿಗೆ ಮುಂದಿನ ದಾರಿ ತೋರಿಸುವ ಕೈಲಾಸ್ ಅನ್ನುವವನೊಬ್ಬ ಗಾಜಿನ ಕೋಣೆಯಲ್ಲಿ ಕೂತಿರುತ್ತಾನೆ. ಕೋಟು, ಟೈ. ಎ.ಸಿ. ಎಷ್ಟು ಜೋರಾಗಿತ್ತೆಂದರೆ ದಾರಿ ಕೇಳಲು ಬಂದ ತಾಯಂದಿರೆಲ್ಲ ಸೆರಗು ಹೊದ್ದು ಕೂತಿದ್ದರು. ಹೇಮಾಳ ಡಿಗ್ರಿ ಯಾವುದೆಂದು ಕೇಳಿ, 'ಓಹೋ ಆರ್ಟಿಸ್ಟು. ಚೀಟಿ ಮೇಲೆ ಮಾತ್ರೆ ಹೆಸ್ರು ಬರೀತೀರೋ ರಂಗೋಲಿ ಬಿಡ್ತೀರೋ ಮೇಡಂ?' ಅಂದ. ಹೊರಗಿದ್ದ ಹುಡುಗರಿಗೂ ಕೇಳಿಸಿ ನಕ್ಕರು. ಹೇಮಾ ನಗಲಿಲ್ಲ. ಬಯಾಲಜಿ ಕಟ್ಟಿದ್ದೇನೆ, ಪಾಠ ಹೇಳಿಕೊಡುತ್ತೀರಾ ಇಲ್ಲವಾ ಅಂತ ಕೇಳಿದಳು. ಅವನು ಹಿಮ ಬೀಳುವ ಯಾವುದೋ ದೇಶದ ಕಾಲೇಜಿನ ಬಣ್ಣದ ಪುಸ್ತಕ ತೆಗೆದು ದೊಡ್ಡಪ್ಪನ ಮುಂದಿಟ್ಟ. ದೊಡ್ಡಪ್ಪ ತಮ್ಮ ಕಾರ್ಡು ಕೊಟ್ಟರು. ಅದನ್ನು ನೋಡಿದ್ದೇ ಅವನು ಎದ್ದು ನಿಂತ. 'ಸಾರ್, ನೀವೇ ಡಾಕ್ಟ್ರು. ಯಾವುದ್ರಲ್ಲಿ ಸ್ಪೆಷಲಿಸ್ಟ್ ಸಾರ್?' ದೊಡ್ಡಪ್ಪ 'ಸಮಾಜಸೇವೆ' ಅಂದರು. ಅವನು ಸ್ವಲ್ಪ ಯೋಚಿಸಿ, 'ಓ, ಕಮ್ಯುನಿಟಿ ಮೆಡಿಸಿನ್ನಾ ಸಾರ್?' ಅಂದ. 'ಹಂಗೇ ಅನ್ಕೊಳಿ' ಅಂದರು ನಮ್ಮ ದೊಡ್ಡಪ್ಪ. ಇಬ್ಬರೂ ಕೈ ಕುಲುಕಿದರು. ಮೋಸ ಮಾಡುವವನೂ ಮೋಸ ಹೋಗುವವನೂ ಒಬ್ಬರಿಗೊಬ್ಬರು ಅಷ್ಟು ಗೌರವ ಕೊಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರಲ್ಲಿ ಯಾರು ಯಾರೆಂದು ಮಾತ್ರ ಈಗಲೂ ಹೇಳಲಾರೆ.

ಅಲ್ಲಿಂದ ಬಂದ ಮೇಲೆ ಒಂದು ಸಂಜೆ ಶಶಿಧರ್ ಅನ್ನುವವರು ತಮ್ಮ ಮಗ ಶ್ರೀಕರ್‌ನನ್ನು ಕರೆದುಕೊಂಡು 'ಸುಮ್ನೆ ಕಾಫಿಗೆ' ಬಂದರು. ಕಾಫಿಗೆ ಬಂದವರು ಹೇಮಾಳ ಕೈಯಿಂದಲೇ ಕಾಫಿ ಬೇಕು ಅಂದಾಗ ನಮಗೆ ಅರ್ಥವಾಯಿತು. ಅವರಿಗೆ ಮೂರು ಮೆಡಿಕಲ್ ಅಂಗಡಿ ಇವೆ. ಒಂದು ಇಲ್ಲೇ, ಒಂದು ಬಿಟಿಎಂನಲ್ಲಿ, ದೊಡ್ಡದು ಹುಳಿಮಾವು ಕೆರೆಯ ಹತ್ತಿರ. ಹುಡುಗ ಕೆಟ್ಟವನಲ್ಲ, ಕೆಟ್ಟವನಾಗುವುದಕ್ಕೆ ಬೇಕಾದಷ್ಟು ಯೋಚನೆಯೂ ಅವನಲ್ಲಿ ಇದ್ದ ಹಾಗಿಲ್ಲ. ಹೇಮಾ ಏನು ಓದುತ್ತಿದ್ದಾಳೆ ಎಂದು ತಿಳಿದು, 'ಅಷ್ಟೆಲ್ಲಾ ಯಾಕೆ ಓದ್ಬೇಕು, ಆರು ತಿಂಗ್ಳು ನಮ್ಮ ಕೌಂಟರಲ್ಲಿ ಕೂತ್ರೆ ಎಲ್ಲಾ ಮಾತ್ರೆನೂ ಗೊತ್ತಾಗುತ್ತೆ. ಡಾಕ್ಟ್ರುಗಳೇ ನನ್ ಕೇಳ್ತಾರೆ' ಅಂದ. ದೊಡ್ಡಪ್ಪನ ಮುಖ ಅರಳಿತು. ಅವರು ಹೋದ ಮೇಲೆ ಹೇಮಾಳನ್ನು ಕರೆದು, 'ಮೆಡಿಕಲ್ ಮೆಡಿಕಲ್ ಅಂತಿದ್ಯಲ್ಲ, ನೋಡು, ಒಂದ್ ಕೇಳಿದ್ರೆ ಮೂರು ಕೊಡಿಸ್ತಾ ಇದೀನಿ' ಅಂದರು. ದೊಡ್ಡಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. ಹೇಮಾ ಕಾಫಿ ಲೋಟಗಳನ್ನು ತೊಳೆಯಲು ಹಾಕಿ ಟೆರೇಸಿಗೆ ಹೋದಳು.

ಈಗ ಹೋದ ಭಾನುವಾರದ ಫೋನನ್ನು ನೆನಪಿಸಿಕೋ. ಹೇಮಾ ಆಸ್ಪತ್ರೆಗೆ ಹೋಗಿದ್ದಳು. ನಾನು ಅಲ್ಲೇ ನೆಲದ ಮೇಲೆ ಅವರೇಕಾಯಿ ಬಿಡಿಸುತ್ತಾ ಕೂತಿದ್ದೆ, ಒಂದೊಂದು ಮಾತೂ ಕೇಳಿದ್ದೇನೆ. ದೊಡ್ಡಪ್ಪ ಅಂದರು, 'ನಂದಾ, ಹೇಮಂಗೆ ಮೆಡಿಕಲ್ ಫಿಕ್ಸ್ ಮಾಡ್ತಾ ಇದೀನಿ ಕಣಪ್ಪ. ಅವ್ಳಿಗೂ ಅದೇ ತಾನೆ ಬೇಕಾಗಿದ್ದಿದ್ದು? ನಿಂದೊಂದು ಹೂಂ ಬೇಕು.' ನೀನು, 'ಅದಕ್ಕಿಂತ ಬೇಕಾ ದೊಡ್ಡಪ್ಪ, ಹೂಂ, ಮಾಡ್ಬಿಡಿ, ಅದೃಷ್ಟವಂತೆ ಅವ್ಳು' ಅಂದೆ. ಎಲ್ಲಿ ಅಂತ ಕೇಳಿದೆ. ಹುಳಿಮಾವು ಕೆರೆ ಹತ್ತಿರ, ಮೇನ್ ರೋಡಿಗೇ ಅಂದರು. 'ಹತ್ರಾನೇ ಆಯ್ತಲ್ಲ, ಹಾಸ್ಟೆಲ್ ತಾಪತ್ರಯ ಇಲ್ಲ' ಅಂದೆ ನೀನು. ದೊಡ್ಡಪ್ಪನಿಗೆ ಹಾಸ್ಟೆಲ್ ಮಾತು ಯಾಕೆ ಬಂತು ಅಂತ ಅರ್ಥವಾಗಲಿಲ್ಲ, ಮಿಲಿಟರಿಯವರ ತಮಾಷೆ ಇರಬೇಕು ಅಂತ ನಕ್ಕುಬಿಟ್ಟರು. ಹುಳಿಮಾವು ಕೆರೆ ಹತ್ತಿರ ಇರುವುದು ಅಂಗಡಿ ಅಣ್ಣ. ನೀನು ತಂಗಿಯನ್ನು ಮಾತ್ರೆ ಅಂಗಡಿಗೆ ಸೇರಿಸಲು ಒಪ್ಪಿದೆ. ದೊಡ್ಡಪ್ಪ ಬೇಕೆಂದೇ ಮೋಸ ಮಾಡಿದರು ಅಂತ ಹೇಳಲಾರೆ, ಹಾಗಿದ್ದರೆ ನನಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಎರಡೂ ಒಂದೇ. ಮೆಡಿಕಲ್ ಅಂದರೆ ಅದೂ ಮೆಡಿಕಲ್, ಇದೂ ಮೆಡಿಕಲ್. ಡಾಕ್ಟರ್ ಅಂದರೆ ಆಸ್ಪತ್ರೆಯವರೂ ಡಾಕ್ಟರ್, ತಾವೂ ಡಾಕ್ಟರ್. ನೀನಾದರೂ ಇನ್ನೊಂದು ಮಾತು ಕೇಳಬಹುದಾಗಿತ್ತು. ಯಾವ ಕಾಲೇಜು ಅಂತ ಕೇಳಿದ್ದರೆ ಸಾಕಿತ್ತು.

ಸಂಜೆ ಹೇಮಾ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ದೊಡ್ಡಮ್ಮ 'ನಿಮ್ಮಣ್ಣ ಒಪ್ಪವ್ನೆ, ಅದೃಷ್ಟವಂತೆ ಅಂದ' ಅಂತ ಹೇಳಿದರು. ಅಣ್ಣನಿಗೆ ವಿಷಯ ಗೊತ್ತಿಲ್ಲ ಕಣೆ ಅಂತ ನಾನು ಎಷ್ಟು ಹೇಳಿದರೂ ನಂಬಲಿಲ್ಲ. 'ಗೊತ್ತಿಲ್ದೆ ಅದೃಷ್ಟವಂತೆ ಅಂತಾರಾ? ಅಣ್ಣನ ಹೆಸ್ರು ಎತ್ತಬೇಡ ಅಕ್ಕ' ಅಂದಳು. ಬಯಾಲಜಿ ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಅವಳು ಅಳಲಿಲ್ಲ. ಬೆಳಗ್ಗೆ ಟೆರೇಸಿನಲ್ಲಿ ಚಾಪೆ ಹಾಗೇ ಸುತ್ತಿಟ್ಟಿತ್ತು.

ಇನ್ನೊಂದು ನಡೆಯಿತು.

ಮಂಗಳವಾರ ಮಧ್ಯಾಹ್ನ ಊಟವಾಗಿ ದೊಡ್ಡಪ್ಪ ಬನಿಯನ್, ಲುಂಗಿಯಲ್ಲಿ ವರಾಂಡದ ಉಯ್ಯಾಲೆ ಮೇಲೆ ಕೂತಿದ್ದರು. ಪಕ್ಕದ ಕ್ರಾಸಿಗೆ ಹೊಸದಾಗಿ ಬಾಡಿಗೆಗೆ ಬಂದ ಕೊಟ್ಟೂರು ಕಡೆಯ ವಯಸ್ಸಾದ ದಂಪತಿ ಇದ್ದಾರೆ, ಕೊಟ್ರಪ್ಪ, ಸಿದ್ದಗಂಗಮ್ಮ ಅಂತ. ಮಗ ಸೋಮನಾಥ್ ಕೆಲಸಕ್ಕೆ ಹೋಗಿದ್ದ. ಆ ಅಜ್ಜಿ ಗಂಡನ ತೋಳು ಹಿಡಿದು ನಡೆಸಿಕೊಂಡು ನಮ್ಮ ಗೇಟು ತಳ್ಳಿ ಒಳಗೆ ಬಂದರು. ಆತನ ಅಂಗಿ ಬೆವರಿನಲ್ಲಿ ನೆನೆದು ಮೈಗೆ ಅಂಟಿತ್ತು, ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೇ ಕುಸಿದು ಕೂತರು. 'ಡಾಕ್ಟ್ರ, ಎದಿ ಹಿಡ್ಕೊಂಡೈತ್ರಿ ಇವ್ರಿಗೆ.' ದೊಡ್ಡಪ್ಪ ಎದ್ದು ಲುಂಗಿ ಬಿಗಿ ಮಾಡಿಕೊಂಡು, 'ನಾನು ಆ ಡಾಕ್ಟರಲ್ಲಮ್ಮ' ಅಂದರು. 'ಮತ್ಯಾವ ಡಾಕ್ಟ್ರರೀ?' ದೊಡ್ಡಪ್ಪನಿಗೆ ಹೇಳದೆ ವಿಧಿಯಿರಲಿಲ್ಲ, 'ಗೌರವ ಡಾಕ್ಟ್ರು' ಅಂದರು. ಆ ಅಜ್ಜಿ, 'ಗೌರವ ಆಮ್ಯಾಲ ಕೊಡ್ತೀವ್ರೀ, ಮೊದ್ಲ ಕೈ ಹಿಡ್ದು ನೋಡ್ರಿ' ಅಂದರು.

ನೋಡಿದರು ಅಣ್ಣ. ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ ಅಂದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ದೊಡ್ಡಮ್ಮ, ಎದುರುಮನೆಯವರು, ಪಿ.ಜಿ. ಹುಡುಗರು ಎಲ್ಲರೂ ನೋಡುತ್ತಿದ್ದರಲ್ಲ, ದೊಡ್ಡಪ್ಪ ಆ ಮುದುಕರ ಮಣಿಕಟ್ಟು ಹಿಡಿದು ಗೋಡೆ ಗಡಿಯಾರ ನೋಡುತ್ತಾ ನಿಂತರು. ಗಡಿಯಾರ ನಿಂತು ತಿಂಗಳಾಗಿದೆ. ಆಮೇಲೆ, 'ಏನಿಲ್ಲಮ್ಮ, ಗ್ಯಾಸ್ಟ್ರಿಕ್ಕು. ನಂಗೂ ಆಗ್ತಾ ಇರ್ತದೆ. ಸೋಡಾ ಕುಡೀಲಿ' ಅಂದರು. ದೊಡ್ಡಮ್ಮ ನಿಂಬೆಹಣ್ಣು ಕುಯ್ಯಲು ಒಳಗೆ ಓಡಿದರು. ಅಷ್ಟರಲ್ಲಿ ಒಣಗಿದ ಬಟ್ಟೆ ಹೊತ್ತುಕೊಂಡು ಟೆರೇಸಿನಿಂದ ಇಳಿದ ಹೇಮಾ ಆ ಮುಖ ನೋಡಿದಳು. ಬಟ್ಟೆಯನ್ನು ಅಲ್ಲೇ ಹಾಕಿ ರಸ್ತೆಗೆ ಓಡಿ ಒಂದು ಆಟೋ ಅಡ್ಡಹಾಕಿದಳು. ದೊಡ್ಡಪ್ಪ 'ಸೋಡಾ ಬರ್ತಿದೆ ಇರಮ್ಮ' ಅನ್ನುತ್ತಲೇ ಇದ್ದರು. ಅವಳು ಅವರ ಕಡೆ ತಿರುಗದೆ ಇಬ್ಬರನ್ನೂ ಹತ್ತಿಸಿಕೊಂಡು ಹೋದಳು. ಹಾರ್ಟ್ ಅಟ್ಯಾಕ್. ಅವತ್ತೇ ಕಟ್ಟಿಕೊಂಡಿದ್ದ ರಕ್ತನಾಳ ಬಿಡಿಸಿದರು, ಈಗ ಪರವಾಗಿಲ್ಲ, ಗಂಜಿ ಕುಡಿಯುತ್ತಿದ್ದಾರೆ. ಸೋಡಾ ಕುಡಿಯುತ್ತಾ ಕೂತಿದ್ದರೆ ಕಷ್ಟವಿತ್ತು ಅಂತ ಅಲ್ಲಿನವರು ಸೋಮನಾಥ್‌ಗೆ ಹೇಳಿದರಂತೆ.

ದೊಡ್ಡಪ್ಪ ನಾಚಿಕೊಂಡಿರಬೇಕು ಅಂತ ನೀನು ತಿಳಿಯುತ್ತೀಯ. ಬೆಳಗಾಗುವುದರೊಳಗೆ ಕಥೆಯೇ ಬೇರೆಯಾಗಿತ್ತು. 'ನಾನು ನಾಡಿ ಹಿಡಿದು ನೋಡಿ ಕಳಿಸ್ದೆ, ಉಳ್ಕೊಂಡ್ರು' ಅಂತ ಶಶಿಧರ್‌ಗೆ ಫೋನಿನಲ್ಲಿ ಹೇಳುತ್ತಿದ್ದರು, ಅದೂ ಸ್ಪೀಕರ್ ಹಾಕಿ. ಆ ಕಡೆಯಿಂದ ಅವರು, 'ನಿಮ್ಮಂಥೋರ ಮನೆ ಹೆಣ್ಣು ತರೋಕೆ ಪುಣ್ಯ ಮಾಡಿರ್ಬೇಕು ಡಾಕ್ಟ್ರೇ' ಅಂದರು.

ಮಂಗಳವಾರ ಸಂಜೆ ಆಸ್ಪತ್ರೆಯಿಂದ ಬಂದ ಹೇಮಾ ಒಳಗೆ ಬರದೆ ಅದೇ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಟೀ ತಂದುಕೊಟ್ಟೆ. ಅಟ್ಯಾಕ್ ಅಂತ ನಿನಗೆ ಗೊತ್ತಾಯಿತಾ ಎಂದು ಕೇಳಿದೆ. 'ನಂಗೆಲ್ಲಿ ಗೊತ್ತಾಗ್ಬೇಕು ಅಕ್ಕ. ನಂಗೆ ಗೊತ್ತಿಲ್ಲ ಅನ್ನೋದು ಗೊತ್ತಿತ್ತು, ಅಷ್ಟೆ' ಅಂದಳು. ಬೋರ್ಡಿನ ದೀಪ ಹತ್ತಿಕೊಂಡಿತು. ಅವಳು ಅದನ್ನೇ ನೋಡುತ್ತಾ ಇನ್ನೊಂದು ಮಾತು ಹೇಳಿದಳು. 'ಆ ಅಜ್ಜಿ ಬೋರ್ಡ್ ಓದ್ಕೊಂಡು ಬಂದಿದ್ದು ಅಕ್ಕ. ಓದು ಬರದೇ ಇದ್ದಿದ್ರೆ ಸೀದಾ ಆಸ್ಪತ್ರೆಗೇ ಹೋಗಿರ್ತಿದ್ರು.' ನನಗೆ ಆ ಮಾತು ಇನ್ನೂ ಕಿವಿಯಲ್ಲಿ ಇದೆ. ಪುಸ್ತಕದ ಚೀಲ ಮಾತ್ರ ಇನ್ನೂ ಅಟ್ಟದಲ್ಲೇ ಇದೆ. ಇಳಿಸುತ್ತೇನೆ ಅಂದೆ, 'ಯಾರಿಗೋಸ್ಕರ?' ಅಂದಳು.

ಒಲೆಯ ಮೇಲೆ ಸಾರು ಇಟ್ಟು ಬಂದಿದ್ದೇನೆ, ಮುಗಿಸುತ್ತೇನೆ. ದೊಡ್ಡಪ್ಪ ದೊಡ್ಡಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾರೆ ಅಂತ ಬರೆಯುವುದು ವಾಡಿಕೆ. ಕಾಗದ ಬರೆಯುತ್ತಿರುವುದೇ ಅವರಿಗೆ ಗೊತ್ತಿಲ್ಲವಾದ್ದರಿಂದ ಅದನ್ನು ನೀನೇ ಊಹಿಸಿಕೋ. ಹೇಮಾಳ ಹೆಸರಿನಲ್ಲಿ ಏನೂ ಬರೆಯಲಾರೆ, ಅವಳಿಗೆ ನಿನ್ನ ಮೇಲೆ ಕೋಪ ಇದೆ. ನಾನು ಮಾತ್ರ ಅಮ್ಮನ ಫೋಟೋ ಮುಂದೆ ನಿನ್ನ ಮಂಡಿಗಾಗಿ ಕೈಮುಗಿಯುತ್ತೇನೆ. ಹುಷಾರಾಗಿರು.

ನಿನ್ನ ತಂಗಿ,
ಚಂದ್ರಕಲಾ (ಚಂದ್ರಿ)

ಮತ್ತೆ: ಈಗ ಗಂಟು ಬಿಚ್ಚು. ನಿನ್ನೆ ದೊಡ್ಡಪ್ಪ ದೊಡ್ಡಮ್ಮ ಶಶಿಧರ್ ಮನೆಗೆ ಹೋಗಿದ್ದಾಗ ಗೇಟಿನ ಕಲ್ಲಿನಿಂದ ತೆಂಗಿನಕಾಯಿ ಒಡೆಯುವ ಮಚ್ಚಿನ ತುದಿಯಲ್ಲಿ ಮೀಟಿ ತೆಗೆದೆ. 'ಡಾ' ಸಲೀಸಾಗಿ ಬಂತು, ಚುಕ್ಕೆ ಎಷ್ಟು ಮೀಟಿದರೂ ಬರಲಿಲ್ಲ. ಈಗ ನಮ್ಮ ಗೇಟಿನ ಮೇಲೆ ಒಂದು ಚುಕ್ಕೆ, ಆಮೇಲೆ ಬೈರಣ್ಣ. ಪಿ.ಜಿ. ಹುಡುಗರ ಕೆಲಸ ಅಂತ ಅವರ ವೈಫೈ ಕಿತ್ತಿಸಿದ್ದಾರೆ, ಪಾಪ. ಇದನ್ನು ನಿನ್ನ ಟ್ರಂಕಿನಲ್ಲಿ ಇಟ್ಟುಕೋ. ಹೇಮಾ ಗಳಿಸಿದರೆ ತಂದುಕೊಡು. ಗಳಿಸದಿದ್ದರೆ ಅಲ್ಲೇ ಮರಳಿನಲ್ಲಿ ಹೂತುಬಿಡು. ಈ ಗೇಟಿಗೆ ಮಾತ್ರ ವಾಪಸ್ ಬರಬಾರದು. ಕಾಗದ ಕೈಸೇರಿದ ಮೊದಲ ಭಾನುವಾರ ಫೋನ್ ಮಾಡು. ಸ್ಪೀಕರ್ ಹಾಕುತ್ತಾರೆ, ಹಾಕಲಿ. 'ನಾನು ಹೂಂ ಅಂದಿದ್ದು ಕಾಲೇಜಿಗೆ, ಅಂಗಡಿಗಲ್ಲ' ಅಂತ ಎದುರುಮನೆಗೂ ಕೇಳುವ ಹಾಗೆ ಹೇಳು, ಹೇಮಾ ಅಲ್ಲೇ ಇರುವ ಹಾಗೆ ನಾನು ನೋಡಿಕೊಳ್ಳುತ್ತೇನೆ. ಆಮೇಲೆ ದೊಡ್ಡಪ್ಪ ಕೂಗಾಡಲು ಶುರು ಮಾಡಿದರೆ ಫೋನನ್ನು ಚಂದ್ರಿಗೆ ಕೊಡಿ ಅನ್ನು. ಅಕ್ಷರ ಕಿತ್ತವಳು ಯಾರು ಅಂತಲೂ ಹೇಳುವುದಿದೆ. ಈ ಸಲ ನಾನು ಬರೀ ಹೂಂ ಅನ್ನುವುದಿಲ್ಲ.